ಹಾಡಿಗೊಂದು ಕೋಣೆ

ವಿದ್ಯುತ್ತಿನ ಹಂಗಿಲ್ಲದೆ ತನ್ನ ಮರದ ಒಡಲಿನಿಂದಲೇ ನಾದ ಹೊರಡಿಸುವ ಗಿಟಾರಿಗೆ ಅಕೂಸ್ಟಿಕ್ ಗಿಟಾರ್ ಎಂದು ಹೆಸರು. ಅದನ್ನು ನುಡಿಸುತ್ತ ಹಾಡುವವರು ತಮ್ಮ ಹಾಡನ್ನು ಮನೆಯಲ್ಲೇ ಧ್ವನಿಮುದ್ರಿಸಿಕೊಳ್ಳುವುದು ಇಂದು ಸಾಮಾನ್ಯವಾಗಿದ್ದು, ಅದಕ್ಕೆ ಬೇಕಾದ ಮೈಕು, ಮೈಕಿನಿಂದ ಬಂದ ಸಂಕೇತವನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ, ಹೆಡ್‌ಫೋನು, ಇವೆಲ್ಲ ಮಧ್ಯಮವರ್ಗದ ಕೈಗೆಟುಕುವ ಬೆಲೆಗೆ ದೊರೆಯುತ್ತಿವೆ. ಆದರೆ ಕೊಳ್ಳುವವರ ವಿಚಾರಣೆಯೆಲ್ಲ ಮೈಕಿನ ಸುತ್ತಲೇ ನಡೆಯುತ್ತದೆ. ಆ ಮೈಕನ್ನು ಮನೆಯ ಯಾವ ಕೋಣೆಯಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಎಲ್ಲಕ್ಕೂ ಕಡೆಗೆ, ಅದೂ ಮೊದಲ ಮುದ್ರಿಕೆ ಕೆಟ್ಟ ಮೇಲೆ ಏಳುತ್ತದೆ. ಇದು ತಿರುಗುಮುರುಗಾದ ಕ್ರಮ. ಒಳ್ಳೆಯ ಕೋಣೆಯಲ್ಲಿ ಸಾಧಾರಣ ಮೈಕು ಕೊಡುವ ಫಲವನ್ನು ಕೆಟ್ಟ ಕೋಣೆಯಲ್ಲಿ ದುಬಾರಿ ಮೈಕು ಕೊಡಲಾರದು, ಏಕೆಂದರೆ ಮೈಕು ಸೂಕ್ಷ್ಮವಾದಷ್ಟೂ ಕೋಣೆಯ ದೋಷಗಳನ್ನು ಹೆಚ್ಚು ನಿಷ್ಠೆಯಿಂದ ಹಿಡಿದುಕೊಡುತ್ತದೆ.

ಧ್ವನಿಮುದ್ರಣದ ಆರಂಭಕಾಲದಲ್ಲಿ ಕೋಣೆಗೆ ಇಷ್ಟು ಮಹತ್ವವಿರಲಿಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದಾಗ ಹೋಟೆಲಿನ ಕೋಣೆಯೇ ಸ್ಟುಡಿಯೋ ಆಯಿತು. ಆಗಿನ ಯಂತ್ರದಲ್ಲಿ ಮೈಕು ಎಂಬುದೇ ಇರಲಿಲ್ಲ. ಕಹಳೆಯಂಥ ಅಗಲ ಬಾಯಿಯ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಿದ ದನಿಯ ಒತ್ತಡದಿಂದಲೇ ಸೂಜಿ ಕದಲಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕಾಗಿತ್ತಾದ್ದರಿಂದ, ಗೋಡೆಗೆ ಬಡಿದು ಮರಳಿದ ಸಣ್ಣ ಸದ್ದುಗಳಿಗೆ ಆ ಗೆರೆಯಲ್ಲಿ ಜಾಗವೇ ಸಿಗುತ್ತಿರಲಿಲ್ಲ. 1925ರಲ್ಲಿ ವಿದ್ಯುತ್ ಮೈಕಿನ ಮುದ್ರಣ ಬಳಕೆಗೆ ಬಂದ ಮೇಲೆಯೇ ಪಿಸುಮಾತು, ಉಸಿರು, ಅವುಗಳ ಜೊತೆಗೆ ಕೋಣೆ ಕೂಡ ತಟ್ಟೆಯನ್ನೇರಿದ್ದು. ಅದೇ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಆ ಊರಿನಲ್ಲೇ ತೀರಿಕೊಂಡರು; ಅದಾದ ಐದು ವರ್ಷಕ್ಕೆ ಅದೇ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ತೆರೆದರು. ವಾಸದ ಮನೆಯನ್ನು ಮೈಕಿಗೆ ಒಪ್ಪಿಸುವುದು ಕನ್ನಡನಾಡಿಗೆ ಹೊಸದೇನಲ್ಲ.

ಕೋಣೆಯನ್ನು ಆಯುವಾಗ ಎರಡು ಸಂಗತಿಗಳನ್ನು ಒಂದಕ್ಕೊಂದು ಬೆರೆಸದೆ ನೋಡಬೇಕಾಗುತ್ತದೆ. ಹೊರಗಿನ ಸದ್ದು ಒಳಕ್ಕೆ ಎಷ್ಟು ನುಗ್ಗುತ್ತದೆ ಎಂಬುದು ಒಂದು. ಒಳಗೆ ಹುಟ್ಟಿದ ಸದ್ದು ಒಳಗೇ ಎಷ್ಟು ಹೊತ್ತು ಸುಳಿದಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ತಡೆಯುವುದು ಗೋಡೆಬಾಗಿಲುಗಳ ತೂಕ ಮತ್ತು ಸಂದಿಲ್ಲದ ಬಿಗಿ; ಎರಡನೆಯದನ್ನು ತಗ್ಗಿಸುವುದು ಮೆತ್ತನೆಯ, ಗಾಳಿಯಾಡುವ ನೂಲಿನ ವಸ್ತುಗಳು. ಇವೆರಡರ ಭೇದ ತಿಳಿಯದವರು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಬೀದಿಯ ಹಾರ್ನು ನಿಂತೀತೆಂದು ಕಾಯುತ್ತಾರೆ. ರದ್ದಿಕಾಗದದ ಆ ಟ್ರೇಗಳು ಮೇಲಿನ ಸ್ಥಾಯಿಯ ಸದ್ದನ್ನು ಅಷ್ಟಿಷ್ಟು ಚದುರಿಸಿಯಾವೇ ಹೊರತು ಹಾರ್ನನ್ನು ತಡೆಯುವ ತೂಕ ಅವುಗಳಿಗಿಲ್ಲ, ಗಿಟಾರಿನ ಮಂದ್ರವನ್ನು ಹೀರುವ ದಪ್ಪವೂ ಇಲ್ಲ. ಥರ್ಮೋಕೋಲಿನದೂ ಅದೇ ಕಥೆ. ಅದರ ಗುಳ್ಳೆಗಳು ಮುಚ್ಚಿದ ಗುಳ್ಳೆಗಳಾದುದರಿಂದ ಗಾಳಿ ಒಳಹೊಕ್ಕು ಸವೆಯುವುದಕ್ಕೆ ದಾರಿಯೇ ಇರುವುದಿಲ್ಲ.

ಹೊರಗಿನ ಸದ್ದಿನ ವಿಷಯದಲ್ಲಿ ಆಯ್ಕೆ ಬಹುಮಟ್ಟಿಗೆ ಮನೆಯ ನಕ್ಷೆಯಿಂದಲೇ ತೀರ್ಮಾನವಾಗುತ್ತದೆ. ಬೀದಿಗೆ ಮುಖಮಾಡಿದ ಕೋಣೆ, ಲಿಫ್ಟಿನ ಗೋಡೆಗೆ ತಾಗಿದ ಕೋಣೆ, ನೀರಿನ ಪೈಪು ಇಳಿಯುವ ಬಚ್ಚಲಿನ ಪಕ್ಕದ ಕೋಣೆ, ಸಂಪಿನ ಮೋಟಾರಿಗೆ ಸಮೀಪದ ಕೋಣೆ, ಇವುಗಳನ್ನು ಮೊದಲೇ ಕೈಬಿಡುವುದು ಲೇಸು. ಬೆರಳಿನಿಂದ ಮೀಟಿದ ಗಿಟಾರು ಮೆಲುದನಿಯದಾದ್ದರಿಂದ ಮೈಕಿನ ಮಟ್ಟವನ್ನು ಏರಿಸಲೇಬೇಕಾಗಿ, ಪಕ್ಕದ ಮನೆಯ ಕುಕ್ಕರಿನ ವಿಶಲ್ ಕೂಡ ಅದರೊಡನೆ ಏರಿ ಬರುತ್ತದೆ. ಗೋಡೆ ಎಷ್ಟೇ ದಪ್ಪವಾಗಿರಲಿ, ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದಿನಲ್ಲಿ ಸದ್ದು ನೀರಿನಂತೆ ಹರಿದುಬರುವುದರಿಂದ, ಅಲ್ಲಿ ತುರುಕಿದ ಒಂದು ಹಳೆಯ ಟವೆಲು ಕೊಡುವ ಲಾಭ ಗೋಡೆಗೆ ಮೆತ್ತಿದ ಹತ್ತು ಟ್ರೇಗಳಿಂದಲೂ ದೊರೆಯುವುದಿಲ್ಲ. ಮಲೆನಾಡು, ಕರಾವಳಿಗಳ ಹೆಂಚಿನ ಮನೆಗಳಲ್ಲಿ ಇಳಿಜಾರಾದ ಮಾಡು ನೆಲಕ್ಕೆ ಸಮಾನಾಂತರವಾಗಿಲ್ಲದೆ ನಾದಕ್ಕೆ ಹಿತವಾಗಿದ್ದರೂ, ಹೆಂಚಿನ ಸಂದುಗಳಿಂದ ಹೊರಗಿನದೆಲ್ಲ ಒಳಗೆ ಬರುತ್ತದೆ. ಮಳೆಗಾಲದಲ್ಲಂತೂ ಅಲ್ಲಿ ಮುದ್ರಣದ ಮಾತೇ ಬೇಡ.

ಬಂದುಹೋಗುವ ಸದ್ದಿಗಿಂತ ಸದಾ ಇದ್ದು ಕಿವಿಗೆ ರೂಢಿಯಾಗಿಬಿಟ್ಟ ಸದ್ದು ಹೆಚ್ಚು ಅಪಾಯಕಾರಿ. ಫ್ಯಾನು, ಫ್ರಿಜ್ಜು, ಯುಪಿಎಸ್ಸಿನ ಗುಂಯ್‌ಗುಟ್ಟುವಿಕೆ, ಹಳೆಯ ಟ್ಯೂಬ್‌ಲೈಟಿನ ಚೋಕು ಇವು ಆ ಗುಂಪಿನವು. ಭಾರತದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತನೆಗಳದಾಗಿದ್ದು, ಯುಪಿಎಸ್ಸಿನೊಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಅದರ ಇಮ್ಮಡಿ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುತ್ತದೆ. ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕವನ್ನೇ ಆವೃತ್ತಿ ಎಂದೂ ಅದರ ಮಾನವನ್ನು ಹರ್ಟ್ಸ್ ಎಂದೂ ಕರೆಯುತ್ತಾರೆ. ಗಿಟಾರಿನ ಐದನೆಯ ತಂತಿಯ ಆವೃತ್ತಿ 110 ಹರ್ಟ್ಸ್, ಆರನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಬರುವ ಸ್ವರದ್ದು 98. ಗುಂಯ್‌ಗುಟ್ಟುವ ಸದ್ದು ಇವೆರಡರ ನಡುವೆ ಸರಿಯಾಗಿ ಕುಳಿತಿರುವುದರಿಂದ, ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಕತ್ತರಿಸಲು ಹೊರಟರೆ ವಾದ್ಯದ ಮೈಯೂ ಒಂದಿಷ್ಟು ಕತ್ತರಿಸಿಹೋಗುತ್ತದೆ. ಫ್ಯಾನನ್ನು ಆರಿಸಿ ಹಾಡುವುದು ಬೆಂಗಳೂರಿನಲ್ಲಿ ಸಾಧ್ಯ; ಮೇ ತಿಂಗಳ ರಾಯಚೂರಿನಲ್ಲಿ ಅದಕ್ಕೆ ನಸುಕನ್ನೇ ಕಾಯಬೇಕು.

ಇನ್ನು ಒಳಗಿನ ಸದ್ದು. ಹಾಡು ನಿಂತ ಮೇಲೂ ಗೋಡೆ, ನೆಲ, ಸೂರುಗಳ ನಡುವೆ ಪುಟಿಯುತ್ತ ಕ್ರಮೇಣ ಕ್ಷೀಣಿಸುವ ನಾದಕ್ಕೆ ಅನುರಣನ ಎಂದು ಹೆಸರು. ಬೇರೆಯಾಗಿ ಕೇಳಿಬರುವ ಪ್ರತಿಧ್ವನಿಗೂ ಇದಕ್ಕೂ ವ್ಯತ್ಯಾಸವಿದೆ. ಬೆಟ್ಟದಿಂದ ಮರಳಿದ ಕೂಗು ಪ್ರತಿಧ್ವನಿಯಾದರೆ, ದೇವಾಲಯದ ಗರ್ಭಗುಡಿಯಲ್ಲಿ ಮಂತ್ರಕ್ಕೆ ಅಂಟಿಕೊಂಡು ಬರುವ ಮೊಳಗು ಅನುರಣನ. ಇದನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಭೌತವಿಜ್ಞಾನಿ ವಾಲೇಸ್ ಸ್ಯಾಬೈನ್. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಒಂದು ಮಾತು ಐದೂವರೆ ಸೆಕೆಂಡು ಉಳಿದು ಮುಂದಿನ ಮಾತುಗಳನ್ನು ಕಲಸುತ್ತಿದ್ದುದರಿಂದ, 1895ರಲ್ಲಿ ಆ ದೋಷವನ್ನು ನಿವಾರಿಸುವ ಹೊಣೆ ಅವರ ಮೇಲೆ ಬಿತ್ತು. ಊರು ಮಲಗಿದ ಮೇಲೆ ಅವರು ಪಕ್ಕದ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಅದರ ನಾದ ಅಡಗುವ ಹೊತ್ತನ್ನು ಅಳೆದು, ಇನ್ನಷ್ಟು ಮೆತ್ತೆ ಹಾಸಿ, ಮತ್ತೆ ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸುತ್ತಿದ್ದರು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚುತ್ತದೆ, ಹೀರುವ ಮೈ ಹೆಚ್ಚಿದಷ್ಟೂ ತಗ್ಗುತ್ತದೆ ಎಂಬ ಸರಳ ಸೂತ್ರ ಆ ರಾತ್ರಿಗಳಿಂದ ಹೊರಟಿತು. ಹೀರುವಿಕೆಯ ಮಾನವಾಗಿ ಸ್ಯಾಬೈನ್ ಆರಿಸಿಕೊಂಡ ವಸ್ತು ತೆರೆದ ಕಿಟಕಿ, ಏಕೆಂದರೆ ಅದರೊಳಗೆ ಹೋದ ಸದ್ದು ಮರಳುವುದೇ ಇಲ್ಲ.

ಈ ಸೂತ್ರವನ್ನು ನಮ್ಮ ಕಡೆಯ ಸಾಮಾನ್ಯ ಮಲಗುವ ಕೋಣೆಗೆ ಹಚ್ಚಿ ನೋಡಬಹುದು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ಗಾತ್ರ 1,200 ಘನ ಅಡಿ. ನೆಲ, ಸೂರು, ನಾಲ್ಕು ಗೋಡೆ ಸೇರಿ ಮೈ 680 ಚದರ ಅಡಿ. ಸಿಮೆಂಟಿನ ಗಾರೆ, ವಿಟ್ರಿಫೈಡ್ ಟೈಲ್ಸು, ಆರ್‌ಸಿಸಿ ಸೂರು ತಮಗೆ ತಾಗಿದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರುವುದರಿಂದ, ಬರಿದಾದ ಆ ಕೋಣೆಯ ಒಟ್ಟು ಹೀರಿಕೆ ಸುಮಾರು 20 ಚದರ ಅಡಿ ತೆರೆದ ಕಿಟಕಿಗೆ ಸಮ. ಗಾತ್ರವನ್ನು 0.049ರಿಂದ ಗುಣಿಸಿ ಹೀರಿಕೆಯಿಂದ ಭಾಗಿಸಿದರೆ ಸಿಗುವುದು ನಾದ 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಕಾಲ. ಇಲ್ಲಿ ಅದು ಹೆಚ್ಚುಕಡಿಮೆ 3 ಸೆಕೆಂಡು. ಹೊಸ ಮನೆಯ ಖಾಲಿ ಕೋಣೆಯಲ್ಲಿ ಮಾತು ಗಲಗಲ ಎನ್ನುವುದು ಇದರಿಂದ. ಅದೇ ಕೋಣೆಯಲ್ಲಿ ಜೋಡಿ ಮಂಚದ ಹಾಸಿಗೆ, ನೆರಿಗೆ ಬಿಟ್ಟ ದಪ್ಪ ಪರದೆ, ಬಾಗಿಲು ತೆರೆದಿಟ್ಟ ಬಟ್ಟೆಯ ಕಪಾಟು, ಪುಸ್ತಕದ ಅರೆ, ಹಾಡುವ ವ್ಯಕ್ತಿ ಸೇರಿದಾಗ ಹೀರಿಕೆ 90 ಚದರ ಅಡಿಯ ಹತ್ತಿರಕ್ಕೆ ಏರಿ ಕಾಲ 0.65 ಸೆಕೆಂಡಿಗೆ ಇಳಿಯುತ್ತದೆ. ಗೋಡೆಗೆ ಎರಡು ದೊಡ್ಡ ಕೌದಿಗಳನ್ನು ತೂಗುಹಾಕಿದರೆ ಅರ್ಧ ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆ ಎಂಬ ಊಹೆಯ ಮೇಲೆ ನಿಂತ ಈ ಲೆಕ್ಕ ಸಣ್ಣ ಕೋಣೆಗೆ ಅಂದಾಜು ಮಾತ್ರ, ಆದರೂ ದಾರಿ ತಪ್ಪಿಸುವಷ್ಟು ಸುಳ್ಳಲ್ಲ. ಮನೆಯವರು ಹಾಡಿಗೆಂದು ಬಿಟ್ಟುಕೊಡುವ ಖಾಲಿ ಕೋಣೆಗಿಂತ, ಅವರು ಬಿಟ್ಟುಕೊಡಲು ಹಿಂದೆಗೆಯುವ ತುಂಬಿದ ಕೋಣೆಯೇ ಮೇಲು.

ಹೀರುವ ವಸ್ತುಗಳಲ್ಲೂ ತರತಮವಿದೆ. ತೆಳುವಾದ ಹತ್ತಿಯ ಜಮಖಾನ ನೆಲಕ್ಕೆ ಅಂಟಿಕೊಂಡಿರುವುದರಿಂದ ಮೇಲಿನ ಸ್ಥಾಯಿಯ ಕಿರುಗುಟ್ಟುವಿಕೆಯನ್ನಷ್ಟೇ ಹೀರುತ್ತದೆ. ಕುರಿಯ ಉಣ್ಣೆಯ ಕಂಬಳಿ ಅದಕ್ಕಿಂತ ಒಳ್ಳೆಯದು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಒಟ್ಟಿ, ಮೈತುಂಬ ಹೊಲಿಗೆ ಹಾಕಿದ ಉತ್ತರ ಕರ್ನಾಟಕದ ಕೌದಿ ಇವೆಲ್ಲಕ್ಕೂ ಮಿಗಿಲಾದ ಪರದೆಯಾಗಬಲ್ಲದು. ಆದರೆ ಅದನ್ನು ಗೋಡೆಗೆ ಒತ್ತಿ ಮೊಳೆ ಹೊಡೆಯದೆ, ನಡುವೆ ಆರು ಇಂಚು ಜಾಗ ಬಿಟ್ಟು ಹಗ್ಗದ ಮೇಲೆ ಹರವಬೇಕು. ಗೋಡೆಯ ಮೈಯಲ್ಲಿ ಗಾಳಿ ಅಲುಗುವುದೇ ಇಲ್ಲ. ಗೋಡೆಯಿಂದ ದೂರ ಸರಿದಂತೆ ಅದರ ಓಲಾಟ ಹೆಚ್ಚುತ್ತದೆ. ಓಲಾಡುವ ಗಾಳಿ ನೂಲಿನ ಎಳೆಗಳಿಗೆ ಉಜ್ಜಿ ಶಾಖವಾಗುವುದೇ ಹೀರಿಕೆ ಎಂಬುದನ್ನು ನೆನೆದರೆ ಆ ಆರು ಇಂಚಿನ ಬೆಲೆ ತಿಳಿಯುತ್ತದೆ.

ಇಲ್ಲೊಂದು ತೊಡಕಿದೆ. ಗಿಟಾರು ಮತ್ತು ಕಂಠ ಒಂದೇ ಬಗೆಯ ಕೋಣೆಯನ್ನು ಬೇಡುವುದಿಲ್ಲ. ಗಿಟಾರಿನದು ತಂತಿ ಮೀಟಿದೊಡನೆ ಕುಸಿಯುವ ನಾದವಾದ್ದರಿಂದ ಅದಕ್ಕೆ ಮರದ ನೆಲದಿಂದಲೋ ಬರಿಗೋಡೆಯಿಂದಲೋ ಮರಳುವ ತುಸು ಹೊಳಪು ಬೇಕು. ಕಂಬಳಿಗಳ ನಡುವೆ ಅದು ಪೆಟ್ಟಿಗೆಯೊಳಗಿನ ಸದ್ದಿನಂತೆ ಮಂಕಾಗುತ್ತದೆ. ಕಂಠಕ್ಕಾದರೋ ಸಾಹಿತ್ಯದ ಅಕ್ಷರಗಳು ಕೇಳುಗರ ಕಿವಿಗೆ ನೇರ ತಲುಪಬೇಕಾದ್ದರಿಂದ ಒಣಕೋಣೆ, ಅಂದರೆ ಅನುರಣನ ಕಡಿಮೆಯಿರುವ ಕೋಣೆ ಒಗ್ಗುತ್ತದೆ. ಎರಡನ್ನೂ ಬೇರೆ ಬೇರೆ ಮುದ್ರಿಸುವವರು ಗಿಟಾರನ್ನು ನಡುಮನೆಯಲ್ಲೂ ಹಾಡನ್ನು ಮಲಗುವ ಕೋಣೆಯಲ್ಲೂ ಮುದ್ರಿಸಬಹುದು. ನುಡಿಸುತ್ತಲೇ ಹಾಡುವವರು ಮಾತ್ರ ಒಂದನ್ನು ಆರಿಸಬೇಕು, ಆಗ ಒಣಕೋಣೆಯ ಕಡೆಗೇ ವಾಲುವುದು ಕ್ಷೇಮ: ಇಲ್ಲದ ಅನುರಣನವನ್ನು ಆಮೇಲೆ ಬೆರೆಸಬಹುದು, ಬೆರೆತದ್ದನ್ನು ಹೊರತೆಗೆಯಲು ಬರುವುದಿಲ್ಲ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರ ಮಲಗುವ ಕೋಣೆಯಲ್ಲಿ, ನಾಲ್ಕು ಪಟ್ಟಿಯ ಕ್ಯಾಸೆಟ್ ಯಂತ್ರದ ಮೇಲೆ, ಕಂಠ ಗಿಟಾರುಗಳ ಹಾಡುಗಳನ್ನು ಮುದ್ರಿಸಿಕೊಂಡು, ಅವನ್ನು ಬೆರೆಸುವಾಗ ಎಕೋಪ್ಲೆಕ್ಸ್ ಎಂಬ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿದರು. ವಾದ್ಯವೃಂದದೊಡನೆ ಸ್ಟುಡಿಯೋದಲ್ಲಿ ಮತ್ತೆ ಪ್ರಯತ್ನಿಸಿದರೂ ತೃಪ್ತಿಯಾಗದೆ, ಆ ಕ್ಯಾಸೆಟ್ಟನ್ನೇ ಅದೇ ವರ್ಷ ‘ನೆಬ್ರಾಸ್ಕ’ ಎಂಬ ಧ್ವನಿಸುರುಳಿಯಾಗಿ ಹೊರತಂದರು. ಆ ಧ್ವನಿಸುರುಳಿಯಲ್ಲಿ ಕೇಳುವ ವಿಶಾಲವಾದ ಏಕಾಂತ ಕೋಣೆಯದಲ್ಲ, ಯಂತ್ರದ್ದು.

ಮಂದ್ರಸ್ಥಾಯಿಯ ವಿಷಯ ಇದೆಲ್ಲಕ್ಕಿಂತ ಜಟಿಲ. ಕೊಠಡಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಚಲಿಸುತ್ತದೆ. ಎದುರುಬದುರು ಗೋಡೆಗಳ ಅಂತರದ ಇಮ್ಮಡಿಯಿಂದ ಇದನ್ನು ಭಾಗಿಸಿದರೆ ಬರುವ ಆವೃತ್ತಿಯಲ್ಲಿ ಹೋಗುವ ಅಲೆಯೂ ಮರಳುವ ಅಲೆಯೂ ಒಂದರ ಮೇಲೊಂದು ಕೂತು, ಕೆಲವೆಡೆ ಉಬ್ಬಿ ಕೆಲವೆಡೆ ಇಲ್ಲವಾಗಿ, ನಿಂತಲ್ಲೇ ನಿಂತಂತಾಗುತ್ತದೆ. ಇದಕ್ಕೆ ಸ್ಥಾಯಿ ತರಂಗವೆಂದು ಹೆಸರು. 10 ಅಡಿಯ ಅಂತರಕ್ಕೆ ಅದು ಸುಮಾರು 57 ಹರ್ಟ್ಸಿನಲ್ಲೂ ಅದರ ಇಮ್ಮಡಿಯಾದ 113ರಲ್ಲೂ ಬರುತ್ತದೆ. ಈ 113 ಗಿಟಾರಿನ ಐದನೆಯ ತಂತಿಗೆ ತೀರ ಹತ್ತಿರದ್ದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಮೂರು ಜೋಡಿ ಮೈಗಳೂ ಅದೇ ಸ್ವರವನ್ನು ಎತ್ತಿಹಿಡಿಯುವುದರಿಂದ ಆ ತಂತಿಯೊಂದು ಉಳಿದವುಗಳನ್ನು ನುಂಗಿ ಗುಡುಗುತ್ತದೆ. 100 ಹರ್ಟ್ಸಿನ ಅಲೆಯ ಉದ್ದವೇ 11 ಅಡಿಗೂ ಹೆಚ್ಚಾದ್ದರಿಂದ ಕೌದಿ ಕಂಬಳಿಗಳು ಅದಕ್ಕೆ ಲೆಕ್ಕಕ್ಕಿಲ್ಲ. ತುಂಬಿದ ಹಾಸಿಗೆ, ಮೂಲೆಯಲ್ಲಿ ಸೂರಿನವರೆಗೆ ಒಟ್ಟಿದ ಹತ್ತಿಯ ಗಾದಿಗಳು ಅಷ್ಟಿಷ್ಟು ತಗ್ಗಿಸಿಯಾವು. ಆದ್ದರಿಂದ ಉದ್ದ, ಅಗಲ, ಎತ್ತರ ಮೂರೂ ಬೇರೆ ಬೇರೆಯಾಗಿರುವ ಕೋಣೆಯನ್ನು, 11 ಅಡಿಗೆ 14 ಅಡಿಯಂಥದ್ದನ್ನು, ಚೌಕದ ಕೋಣೆಗೆ ಬದಲಾಗಿ ಆರಿಸುವುದೇ ಇದಕ್ಕೆ ನಿಜವಾದ ಪರಿಹಾರ.

ಇದೇ ಕಾರಣಕ್ಕೆ ದೇವರ ಮನೆ, ಉಗ್ರಾಣ, ಬಚ್ಚಲುಗಳಂಥ ಪುಟ್ಟ ಜಾಗಗಳ ಮೋಹ ಬಿಡಬೇಕು. ಬಚ್ಚಲಿನಲ್ಲಿ ಯಾರ ಕಂಠವೂ ತುಂಬಿಬರುತ್ತದೆ ಎಂಬುದು ಲೋಕಾನುಭವ. ಆದರೆ ಆ ತುಂಬುವಿಕೆ ಕೆಲವೇ ಸ್ವರಗಳಿಗೆ ಸಲ್ಲುವಂಥದ್ದು, ಹಾಡಿನ ಆರೋಹಣದಲ್ಲಿ ಒಂದು ಸ್ವರ ಉಬ್ಬಿ ಪಕ್ಕದ್ದು ಬಡವಾಗುತ್ತದೆ.

ಕೋಣೆ ನಿಶ್ಚಯವಾದ ಮೇಲೆ ಅದರೊಳಗಿನ ಜಾಗದ ಪ್ರಶ್ನೆ. ಮೂಲೆಯಲ್ಲಿ ಎಲ್ಲ ಸ್ಥಾಯಿ ತರಂಗಗಳೂ ಉಬ್ಬಿರುತ್ತವೆ, ನಟ್ಟನಡುವೆ ಮೊದಲನೆಯದು ಇಲ್ಲವಾಗಿರುತ್ತದೆ. ಎರಡನ್ನೂ ಬಿಟ್ಟು ಉದ್ದದ ಮೂರನೆಯ ಒಂದು ಭಾಗದ ಸುಮಾರಿಗೆ ಕುಳಿತುಕೊಳ್ಳುವುದು ವಾಡಿಕೆ. 1936ರ ನವೆಂಬರಿನಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ಗಂಟರ್ ಹೋಟೆಲಿನಲ್ಲಿ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಮೂಲೆಯ ಗೋಡೆಗೆ ಮುಖಮಾಡಿ ಕುಳಿತರೆಂಬ ಮಾತಿದೆ. ಅದಕ್ಕೆ ಕಾರಣ ನಾಚಿಕೆಯೆಂದು ಒಂದು ವಾದ. ಮೂಲೆ ತನ್ನ ಗಿಟಾರಿನ ನಡುಸ್ಥಾಯಿಯನ್ನು ಎತ್ತಿಕೊಡಲೆಂಬ ಉಪಾಯವೆಂದು ಗಿಟಾರ್ ವಾದಕ ರೈ ಕೂಡರ್ ಅವರ ಊಹೆ. ಊಹೆ ಚೆಲುವಾಗಿದೆ, ಮನೆಯಲ್ಲಿ ಅನುಕರಿಸತಕ್ಕದ್ದಲ್ಲ. ಹಾಡುವವರ ಬೆನ್ನಿಗೆ ಕೌದಿಯೂ ಮೈಕಿನ ಬೆನ್ನಿಗೆ ಹಾಸಿಗೆ ಕಪಾಟುಗಳೂ ಇರುವಂತೆ ಕುಳಿತರೆ ಹೆಚ್ಚಿನ ಕೆಲಸ ಆಯಿತು, ಏಕೆಂದರೆ ಹೃದಯದಾಕಾರದ ಗ್ರಹಣವುಳ್ಳ ಸಾಮಾನ್ಯ ಮೈಕು ತನ್ನ ಬೆನ್ನಿನ ಸದ್ದನ್ನು ಬಹುಮಟ್ಟಿಗೆ ಬಿಟ್ಟು ಎದುರಿನದನ್ನು, ಅಂದರೆ ಹಾಡುವವರ ಹಿಂದಿನ ಗೋಡೆಯನ್ನೂ ಸೇರಿಸಿ, ಹಿಡಿಯುತ್ತದೆ. ಗಿಟಾರಿನ ಮೈಕು ನಾದರಂಧ್ರಕ್ಕೆ ನೇರವಾಗಿರದೆ, ಕತ್ತು ಒಡಲನ್ನು ಕೂಡುವೆಡೆಯಲ್ಲಿ ಒಂದು ಅಡಿ ದೂರಕ್ಕಿರಲಿ. ಮುಂದೆ ಮೇಜು ಬೇಡ: ಮೇಜಿಗೆ ಬಡಿದು ಬಂದ ಸದ್ದು ನೇರ ಬಂದದ್ದಕ್ಕಿಂತ ಒಂದಡಿಗೆ ತುಸು ಹೆಚ್ಚು ದಾರಿ ಸವೆಸಿದರೂ ಒಂದು ಮಿಲಿಸೆಕೆಂಡು ತಡವಾಗಿ, 500, 1,500, 2,500 ಹರ್ಟ್ಸುಗಳಲ್ಲಿ ಬಾಚಣಿಗೆಯ ಹಲ್ಲಿನ ಸಂದುಗಳಂತೆ ನಾದವನ್ನು ಕೊರೆದುಹಾಕುತ್ತದೆ. ಸ್ಟೀಲಿನ ಬೀರುವಿನ ಬಾಗಿಲು, ಕಿಟಕಿಯ ಸಡಿಲ ಗಾಜು, ಸಜ್ಜೆಯ ಮೇಲಿನ ಪಾತ್ರೆ ಇವು ಯಾವುದೋ ಒಂದು ಸ್ವರಕ್ಕೆ ದನಿಗೂಡಿಸುವ ಜಾತಿಯವಾದ್ದರಿಂದ ಅವುಗಳನ್ನು ಮೊದಲೇ ಬಿಗಿಮಾಡಬೇಕು. ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಕೋಣೆ ಕಿವಿಗೆ ಎಷ್ಟೇ ಹಿತವಾಗಿದ್ದರೂ ಅಲ್ಲಿನ ತೇವ ಗಿಟಾರಿನ ಮರಕ್ಕೆ ಹಗೆ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದಾಗ ಹಿಂದೆಯೇ ‘ಝರ್ರ್’ ಎಂಬ ಕಿರುಗುಟ್ಟುವಿಕೆ ಬಂದರೆ ಎರಡು ಬರಿಗೋಡೆಗಳು ಸದ್ದನ್ನು ಚೆಂಡಾಡುತ್ತಿವೆ ಎಂದರ್ಥ. ಬಾಯಿ ಮುಚ್ಚಿ ತಗ್ಗಿನಿಂದ ಮೇಲಕ್ಕೆ ಸ್ವರವನ್ನು ಜಾರಿಸುತ್ತ ಹೋದರೆ ಕೋಣೆ ಯಾವ ಸ್ವರಕ್ಕೆ ಗುಡುಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಎರಡು ಕಿವಿಗಳಿಂದ ಕೇಳುವಾಗ ಮಿದುಳು ಕೋಣೆಯ ಅನುರಣನವನ್ನು ಬಹಳಷ್ಟು ಮರೆಸಿಬಿಡುವುದರಿಂದ, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಕೇಳಿದರೆ ಮೈಕು ಕೇಳುವ ರೀತಿಗೆ ಹತ್ತಿರವಾಗುತ್ತದೆ. ಆ ಮೇಲೆ ಪ್ರತಿ ಕೋಣೆಯಲ್ಲೂ ಐದು ನಿಮಿಷದ ಮೌನವನ್ನೂ, ಒಂದೇ ಹಾಡಿನ ಒಂದೇ ಚರಣವನ್ನೂ ಸಾದಾ ಮೊಬೈಲಿನಲ್ಲಿ ಮುದ್ರಿಸಿಕೊಂಡು, ಯಾವುದು ಯಾವ ಕೋಣೆಯದೆಂದು ತಿಳಿಸದಂತೆ ಮನೆಯವರೊಬ್ಬರಿಂದ ಹಾಕಿಸಿ, ಮರುದಿನ ಬೆಳಗ್ಗೆ ಹೆಡ್‌ಫೋನಿನಲ್ಲಿ ಕೇಳಬೇಕು. ಮೈಕಿನ ಅಂಗಡಿಗೆ ಹೋಗುವುದು ಅದಾದ ಮೇಲೆ.